ನಕ್ಷೆಯ ಸಾಕ್ಷ್ಯ

ನ್ಯಾಯಶಾಸ್ತ್ರಕಾರರು ಪ್ರತ್ಯಕ್ಷಜ್ಞಾನವನ್ನು ನಿರ್ವಿಕಲ್ಪಕವೆಂದೂ ಸವಿಕಲ್ಪಕವೆಂದೂ ಎರಡಾಗಿ ವಿಂಗಡಿಸಿದ್ದಾರೆ. ಏನೋ ಒಂದು ಕಣ್ಣಿಗೆ ಬಿದ್ದಿತೆಂಬಷ್ಟೇ ಮೊದಲನೆಯದು. ಬಿದ್ದದ್ದು ಇಂಥ ಜಾತಿಯ, ಇಂಥ ಹೆಸರಿನ ವಸ್ತುವೆಂದು ನಿಶ್ಚಯಿಸುವುದು ಎರಡನೆಯದು. ಮೊದಲನೆಯದಕ್ಕೆ ಸರಿಯೆಂಬುದೂ ಇಲ್ಲ, ತಪ್ಪೆಂಬುದೂ ಇಲ್ಲವೆಂದು ನವ್ಯನೈಯಾಯಿಕರ ಮತ. ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ಕರೆದಾಗಲೇ ಭ್ರಮೆ ಹುಟ್ಟುವುದು. ಬರಿಯ ಹೊಳಪನ್ನು ಕಂಡ ಕಣ್ಣು ನಿರಪರಾಧಿ. ಬೆಳೆಯುತ್ತಿರುವ ನಗರಗಳ ನೆಲವನ್ನು ಆಕಾಶದಿಂದ ನೋಡಿ ನಕ್ಷೆ ಬರೆಯುವ ಈಚಿನ ವಿದ್ಯೆಯನ್ನು ವಿಚಾರಿಸುವಾಗ ಈ ಹಳೆಯ ವಿಂಗಡಣೆ ಬಹಳ ಉಪಯೋಗಕ್ಕೆ ಬರುತ್ತದೆ.

1972ನೆಯ ಇಸವಿ ಜುಲೈ ತಿಂಗಳಲ್ಲಿ ಅಮೆರಿಕದವರು ಭೂಮಿಯ ಮೇಲ್ಮೈಯನ್ನು ಪರಿಶೀಲಿಸುವುದಕ್ಕೆಂದೇ ಒಂದು ಉಪಗ್ರಹವನ್ನು ಹಾರಿಸಿದರು; ಲ್ಯಾಂಡ್‌ಸ್ಯಾಟ್ ಎಂಬ ಹೆಸರು ಅದಕ್ಕೆ ಆಮೇಲೆ ಬಂದಿತು. ಇದೇ ಕೆಲಸಕ್ಕೆ ಭಾರತದ ಸ್ವಂತ ಉಪಗ್ರಹ, ಐ.ಆರ್.ಎಸ್. 1ಎ, ಮಾರ್ಚಿ 1988ರಲ್ಲಿ ಮೇಲೇರಿತು. ಇವು ಕಾಣುವುದು ಕೆರೆಯನ್ನಲ್ಲ, ತೋಟವನ್ನಲ್ಲ, ಮನೆಯನ್ನೂ ಅಲ್ಲ. ನೆಲದ ಒಂದೊಂದು ಚೌಕದಿಂದ ಹಿಂದಿರುಗುವ ಬೆಳಕು ಎಷ್ಟೆಂಬುದನ್ನು ಮಾತ್ರ ಇವು ಅಳೆಯುತ್ತವೆ. ಮನುಷ್ಯನ ಕಣ್ಣಿಗೆ ಕಾಣದ ಅವಗೆಂಪು ಬೆಳಕೂ ಆ ಅಳತೆಗೆ ಸೇರಿದೆ. ಹಸಿರೆಲೆ ಅದನ್ನು ಧಾರಾಳವಾಗಿ ಹಿಂದಕ್ಕೆ ಕಳಿಸುತ್ತದೆ, ನೀರು ಬಹುಮಟ್ಟಿಗೆ ನುಂಗಿಬಿಡುತ್ತದೆ. ಹೀಗೆ ಬಂದ ಅಂಕಿಗಳನ್ನು ನೋಡಿ ಇದು ನೀರು, ಇದು ಗಿಡಮರ, ಇದು ಕಟ್ಟಡ, ಇದು ಇತರ ಎಂದು ಹೆಸರಿಡತಕ್ಕವನು ಮನುಷ್ಯ, ಇಲ್ಲವೆ ಮನುಷ್ಯನು ಕಲಿಸಿಕೊಟ್ಟ ಯಂತ್ರ. ಉಪಗ್ರಹದ ಜ್ಞಾನ ನಿರ್ವಿಕಲ್ಪಕ. ಧರ್ಮಾಧರ್ಮದ ಪ್ರಶ್ನೆ ಏಳುವುದು ಹೆಸರಿಡುವ ಗಳಿಗೆಯಲ್ಲಿ.

ಬೆಂಗಳೂರನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಭಾರತೀಯ ವಿಜ್ಞಾನಮಂದಿರದ ಸಂಶೋಧಕರು ಈ ಚಿತ್ರಗಳನ್ನು ವರ್ಷವರ್ಷಕ್ಕೆ ಹೋಲಿಸಿ, 1973ರಲ್ಲಿ ಶೇಕಡ 8ರಷ್ಟು ನೆಲವನ್ನು ಆವರಿಸಿದ್ದ ಕಟ್ಟಡ ಮತ್ತು ರಸ್ತೆಗಳು 2012ರ ಹೊತ್ತಿಗೆ ಶೇಕಡ 58ನ್ನು ಮುಟ್ಟಿದುವೆಂದು ತೋರಿಸಿದರು. 2007ರಲ್ಲಿ ಸುತ್ತಣ ಪುರಸಭೆಗಳನ್ನೂ ನೂರಕ್ಕೆ ಮಿಕ್ಕ ಹಳ್ಳಿಗಳನ್ನೂ ಸೇರಿಸಿಕೊಂಡಾಗ, 226 ಚದರ ಕಿಲೋಮೀಟರು ಇದ್ದ ನಗರಾಡಳಿತದ ಮೇರೆ 700ನ್ನು ಮೀರಿತು. ಮಹಾನದಿಯಿಲ್ಲದ ಈ ಎತ್ತರದ ನೆಲದಲ್ಲಿ ಹಿಂದಿನವರು ತಗ್ಗು ಕಂಡಲ್ಲೆಲ್ಲ ಏರಿ ಕಟ್ಟಿ ಮಳೆಯ ನೀರನ್ನು ನಿಲ್ಲಿಸಿದ್ದರು. ಒಂದು ಕೆರೆಯ ಕೋಡಿ ಹರಿದರೆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುತ್ತಿತ್ತು. ಶೇಕಡ 8 ಎಂಬುದು 58 ಆಯಿತೆಂದರೆ, ಇಂಥ ಏರ್ಪಾಡಿನ ಮೇಲೆಯೇ ಮನೆ ಬೀದಿಗಳು ಹರಡಿಕೊಂಡುವೆಂದು ಅರ್ಥ.

ಈಗ ಹೆಸರಿಡುವ ಕಷ್ಟವನ್ನು ನೋಡಬೇಕು. ಕೊಳಚೆ ತುಂಬಿದ ಕೆರೆಯ ಮೇಲೆ ಅಂತರಗಂಗೆ ದಟ್ಟವಾಗಿ ಹಬ್ಬಿದ್ದರೆ, ಬೆಳಕಿನ ಲೆಕ್ಕದಲ್ಲಿ ಅದು ಗಿಡಮರಗಳ ಪಂಕ್ತಿಗೆ ಸೇರುತ್ತದೆ. ರೋಗಿಯ ಮೈಯ ಬಾವನ್ನು ಕಂಡು ಪುಷ್ಟಿಯೆಂದು ಕರೆದಂತೆ! ಮಳೆಗಾಲದಲ್ಲಿ ಮೋಡ ಮುಸುಕಿರುವುದರಿಂದ ನಕ್ಷೆಗೆ ಆರಿಸುವ ಚಿತ್ರಗಳು ಸಾಮಾನ್ಯವಾಗಿ ಸಂಕ್ರಾಂತಿಯಾಚೆಯ ತಿಂಗಳುಗಳವು. ಆ ವೇಳೆಗೆ ರಾಗಿಯ ಕೊಯ್ಲು ಮುಗಿದು ಹೊಲ ಬೋಳಾಗಿರುತ್ತದೆ. ಸಣ್ಣ ಕೆರೆಯ ಅಂಗಳವೂ ಒಣಗಿರುತ್ತದೆ. ನೂರಾರು ವರ್ಷ ಅನ್ನ ಕೊಟ್ಟ ಹೊಲ, ನೀರು ಹಿಡಿದ ಕೆರೆ, ಎರಡೂ 'ಖಾಲಿ ನೆಲ'ವೆಂಬ ಒಂದೇ ಬಣ್ಣದಲ್ಲಿ ಮುಳುಗುವುದುಂಟು. ಅತ್ತ, ಅಂತರ್ಜಲವನ್ನು ಹೀರುವುದೆಂದು ರೈತರ ದೂರಿಗೆ ಗುರಿಯಾದ ನೀಲಗಿರಿ ತೋಪು ಕಾಡಿನ ಗೌರವವನ್ನು ಪಡೆಯುತ್ತದೆ.

ಚೌಕದ ಅಳತೆಯೂ ಅಲ್ಪ ವಿಷಯವಲ್ಲ. ಮೊದಲ ಉಪಗ್ರಹದ ಚೌಕ ಸುಮಾರು 80 ಮೀಟರಿನದು, ಎಂದರೆ ಒಂದೂವರೆ ಎಕರೆಗೆ ಮಿಕ್ಕದ್ದು. ಆಮೇಲಿನವುಗಳದು 30 ಮೀಟರು, ಸುಮಾರು ಒಂಬತ್ತು ಗುಂಟೆ. ಮೂವತ್ತು ನಲವತ್ತರ ಎಂಟು ನಿವೇಶನಗಳು ಆ ಒಂದು ಚೌಕದಲ್ಲಿ ಅಡಗುತ್ತವೆ. ಅದರೊಳಗೆ ಹಾದುಹೋಗುವ ಹತ್ತಡಿಯ ಕಾಲುವೆಗೆ ಬೇರೆ ಹೆಸರಿಲ್ಲ. ನೆರೆಯವರದೇ ಅದರ ಹೆಸರು.

ಇಷ್ಟಾದರೂ ಈ ದೋಷವನ್ನು ಹೊಸ ವಿದ್ಯೆಯ ಮೇಲೊಂದೇ ಹೊರಿಸುವುದು ಅನ್ಯಾಯ. ಶಾನುಭೋಗರ ಲೆಕ್ಕದಲ್ಲಿಯೂ ನೆಲಕ್ಕೆ ಹೆಸರುಗಳಿದ್ದುವು: ಖುಷ್ಕಿ, ತರಿ, ಬಾಗಾಯ್ತು. ಕಂದಾಯ ಹುಟ್ಟದ ನೆಲಕ್ಕೆ ಇಟ್ಟ ಹೆಸರು ಖರಾಬು, ಎಂದರೆ ಕೆಟ್ಟದ್ದು. ಅದರಲ್ಲಿ ಬಂಡೆಗಲ್ಲಿನ ನೆಲ ಒಂದು ಬಗೆ. 'ಬಿ' ಖರಾಬು ಎಂದು ಬರೆದದ್ದು ಯಾವುದು? ಹಳ್ಳ, ಕಾಲುದಾರಿ, ಸ್ಮಶಾನ ಮೊದಲಾದುವು, ಯಾವನೊಬ್ಬನಿಗೂ ಸೇರದೆ ಊರಿಗೆಲ್ಲ ಸೇರಿದ ನೆಲ. ಬೊಕ್ಕಸದ ದೃಷ್ಟಿಯಿಂದ ಕೆಟ್ಟದ್ದೆನಿಸಿದ್ದೇ ಊರಿನ ದೃಷ್ಟಿಯಿಂದ ಅತ್ಯಂತ ಬೇಕಾದದ್ದಾಗಿತ್ತು. ಆದರೂ ಆ ಮಾತು ತನ್ನ ಕೆಲಸವನ್ನು ಮಾಡಿಯೇ ಮಾಡಿತು. ಖರಾಬೆಂದು ಕರೆಸಿಕೊಂಡದ್ದನ್ನು ಒತ್ತಿಕೊಳ್ಳುವವನಿಗೆ ಮನಸ್ಸಿನಲ್ಲಿ ಅಳುಕು ಕಡಿಮೆ.

ಇಲ್ಲಿ ಪೂರ್ವಪಕ್ಷವೊಂದುಂಟು. ನಕ್ಷೆ ಬರೆಯುವವನು ಕನ್ನಡಿ ಹಿಡಿಯುವವನಷ್ಟೆ. ಕನ್ನಡಿಯನ್ನು ನೋಡಿ ಯಾರು ಏನು ಮಾಡಿದರೂ ಪಾಪ ಅವನದಲ್ಲ. ಅವನ ಧರ್ಮ ಕರಾರುವಾಕ್ಕಾಗಿರುವುದು, ಅಲ್ಲಿಗೆ ಮುಗಿಯಿತು, ಎಂದು. ಈ ಮಾತಿಗೆ ತೂಕವಿಲ್ಲದಿಲ್ಲ. ಮೇಲಿನಿಂದ ನೋಡುವ ಕಣ್ಣಿಗೆ ಯಾವ ಹಳ್ಳಿಯಲ್ಲಿಯೂ ಬಂಧುಗಳಿಲ್ಲ. ಯಾರ ಮನೆಯ ಊಟದ ಋಣವೂ ಇಲ್ಲ. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾದಾಗ ಅತ್ತವರೆಷ್ಟು ಮಂದಿಯೋ, ನಿಟ್ಟುಸಿರಿಟ್ಟು ಸಮಾಧಾನಪಟ್ಟವರೂ ಅಷ್ಟೇ ಮಂದಿ ಇದ್ದಾರು. ನಿಷ್ಪಕ್ಷಪಾತವಾದ ಸಾಕ್ಷಿ ಸುಲಭವಾಗಿ ದೊರೆಯತಕ್ಕದ್ದಲ್ಲ.

ಆದರೆ ಕನ್ನಡಿ ಹೆಸರಿಡುವುದಿಲ್ಲ. ನಕ್ಷೆ ಇಡುತ್ತದೆ, ಇಟ್ಟ ಹೆಸರು ಕಚೇರಿಯ ಕಡತಕ್ಕೆ ಹೋಗಿ ಅಪ್ಪಣೆಯಾಗಿ ಹೊರಬರುತ್ತದೆ. 2016ರ ಆಗಸ್ಟಿನಲ್ಲಿ ಬೆಂಗಳೂರಿನ ಆಡಳಿತದವರು ಹಳೆಯ ಗ್ರಾಮನಕ್ಷೆಗಳನ್ನು ಹಿಡಿದು ರಾಜಕಾಲುವೆಗಳ ಮೇಲಿದ್ದ ಮನೆಗಳನ್ನು ಕೆಡವಿಸಿದರು. ನೋಂದಣಿಪತ್ರ, ಖಾತೆ, ಕಂದಾಯದ ರಸೀತಿಗಳನ್ನು ಜೋಪಾನವಾಗಿಟ್ಟಿದ್ದ ಸಂಸಾರಗಳೂ ಅಂದು ಪಾತ್ರೆಪರಟಿಯೊಡನೆ ಬೀದಿಯಲ್ಲಿ ನಿಂತುವು. ನಕ್ಷೆ ಸುಳ್ಳು ಹೇಳಲಿಲ್ಲ; ಕಾಲುವೆ ಅಲ್ಲಿ ಇದ್ದದ್ದು ನಿಜ. ಆದರೆ ನಿವೇಶನವನ್ನು ಮಾರಿದ ದಿನ, ಖಾತೆ ಮಾಡಿಕೊಟ್ಟ ದಿನ, ಅದೇ ನಕ್ಷೆ ಯಾವ ಕಪಾಟಿನಲ್ಲಿತ್ತು? ಕರೆದಾಗ ಮಾತ್ರ ಬಂದು, ಕರೆಯದಿದ್ದಾಗ ಸುಮ್ಮನಿರುವ ಸಾಕ್ಷಿಯ ಸತ್ಯವು ಕರೆಯುವವನ ಕೈಯ ಆಯುಧವಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಮಳೆ ಹೊಯ್ದು ಹೊರವರ್ತುಲ ರಸ್ತೆಯ ಪ್ರಾಂತದಲ್ಲಿ ಜನರನ್ನು ದೋಣಿಯಲ್ಲಿಯೂ ಟ್ರ್ಯಾಕ್ಟರಿನಲ್ಲಿಯೂ ಸಾಗಿಸಬೇಕಾಗಿ ಬಂದಾಗ, ಸಿರಿವಂತರ ಬಂಗಲೆಗಳಿಗೂ ನೀರು ನುಗ್ಗಿತು. ನೀರಿಗೆ ತನ್ನ ಹಳೆಯ ದಾರಿ ನೆನಪಿತ್ತು. ಖಾತೆಯನ್ನು ಅದು ಕೇಳಲಿಲ್ಲ.

ಹಾಗಾದರೆ ನಕ್ಷೆಕಾರನ ಹೊಣೆ ಎಲ್ಲಿಯವರೆಗೆ? ಅವನ ವಿದ್ಯೆಯಲ್ಲಿಯೇ ಒಂದು ಉತ್ತಮವಾದ ಆಚಾರವುಂಟು. ನಕ್ಷೆ ಮುಗಿದ ಮೇಲೆ ಅಲ್ಲಲ್ಲಿ ಕೆಲವು ಸ್ಥಳಗಳನ್ನು ಆರಿಸಿ, ಕಾಲ್ನಡಿಗೆಯಲ್ಲಿ ಹೋಗಿ, ಇಟ್ಟ ಹೆಸರು ನಿಜವೋ ಅಲ್ಲವೋ ಎಂದು ನೋಡುತ್ತಾರೆ. ನೀರೆಂದದ್ದರಲ್ಲಿ ಎಷ್ಟು ನೀರಲ್ಲ, ಕಟ್ಟಡವೆಂದದ್ದರಲ್ಲಿ ಎಷ್ಟು ಬರಿಯ ಮಣ್ಣು ಎಂಬ ಪಟ್ಟಿಯನ್ನು ನಕ್ಷೆಯೊಡನೆಯೇ ಅಚ್ಚು ಮಾಡಿಸುತ್ತಾರೆ. ತನ್ನ ತಪ್ಪನ್ನು ತಾನೇ ಎಣಿಸಿ ಹೇಳುವ ಸಾಕ್ಷಿ ನ್ಯಾಯಸ್ಥಾನಗಳಲ್ಲಿಯೂ ಅಪೂರ್ವ. ಶೋಚನೀಯವೇನೆಂದರೆ, ಪತ್ರಿಕೆಗೂ ಕಚೇರಿಗೂ ಪಯಣಮಾಡುವುದು ಕೆಂಪು ಹಸಿರಿನ ನಕ್ಷೆಯೊಂದೇ. ತಪ್ಪಿನ ಪಟ್ಟಿ ವಿದ್ವಾಂಸರ ಸಂಪುಟದಲ್ಲಿಯೇ ಉಳಿದುಬಿಡುತ್ತದೆ. ಅದನ್ನು ನಕ್ಷೆಯಿಂದ ಬೇರ್ಪಡಿಸಲು ಬಿಡುವವನು, ಪೂರ್ವಪಕ್ಷದವರು ಹೇಳುವ ಕರಾರುವಾಕ್ಕುತನವನ್ನೂ ಪೂರ್ತಿಯಾಗಿ ನಡೆಸಿದಂತಾಗಲಿಲ್ಲ.

ಇನ್ನೊಂದು ಆಯ್ಕೆಯೂ ಅವನದೇ: ಎಣಿಕೆಯನ್ನು ಎಲ್ಲಿಂದ ತೊಡಗುವುದು? ಉಪಗ್ರಹದ ಚಿತ್ರ ಸಿಕ್ಕುವುದು 1972ರಿಂದೀಚೆಗೆ. ಧರ್ಮಾಂಬುಧಿ ಕೆರೆಯ ನೆಲದಲ್ಲಿ ಅಷ್ಟು ಹೊತ್ತಿಗಾಗಲೇ ಬಸ್ ನಿಲ್ದಾಣ ಬಂದಿತ್ತು. 1973ರಿಂದ ಲೆಕ್ಕ ಹಿಡಿಯುವವನಿಗೆ ಅದು ಕಳೆದುಹೋದ ಕೆರೆಯಲ್ಲ. ಎಂದೂ ಕೆರೆಯಾಗಿರಲೇ ಇಲ್ಲ. ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಸಂಪಂಗಿ ಕೆರೆಯ ಚರಿತ್ರೆಯನ್ನು ವಿಚಾರಿಸಿ 2016ರಲ್ಲಿ ಪ್ರಕಟಿಸಿದಾಗ, ಹತ್ತೊಂಬತ್ತನೆಯ ಶತಮಾನದ ನಕ್ಷೆಗಳನ್ನೂ ಸರ್ಕಾರದ ಹಳೆಯ ಕಾಗದಗಳನ್ನೂ ತೆರೆದು ನೋಡಿ, ಆ ಸುತ್ತಿನ ಜನರನ್ನು ಮಾತನಾಡಿಸಿದರು. ಕೆರೆಯಿದ್ದ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಅದರ ಒಂದು ಮಗ್ಗುಲಲ್ಲಿ ಒಂದು ಪುಟ್ಟ ಕೊಳ ಉಳಿದುಕೊಂಡಿದೆ. ಚೈತ್ರಮಾಸದಲ್ಲಿ ಕರಗದ ವಿಧಿಗಳಿಗೆ ಜನ ಅಲ್ಲಿಗೆ ಬರುತ್ತಾರೆ.