ಯಾವುದರ ಚಿಂತೆ?

ಮೈಸೂರಿನ ಕಡೆ ‘ಯೋಚನೆ ಮಾಡಬೇಡಿ’ ಎಂದು ಸಮಾಧಾನ ಹೇಳುತ್ತಾರೆ, ಧಾರವಾಡದ ಕಡೆ ‘ಚಿಂತಿ ಮಾಡಬ್ಯಾಡ್ರಿ’ ಅನ್ನುತ್ತಾರೆ. ಎರಡೂ ಮಾತಿನ ಬೇರು ಆಲೋಚನೆಯಲ್ಲೇ ಇದೆ. ಸಂಸ್ಕೃತದ ‘ಚಿಂತ್’ ಧಾತುವಿಗೆ ನೆನೆ, ಆಲೋಚಿಸು ಎಂದಷ್ಟೇ ಅರ್ಥ. ಚಿಂತಕ, ಚಿಂತನೆ, ಬೇಡಿದ್ದು ಕೊಡುವ ಚಿಂತಾಮಣಿ ಎಲ್ಲವೂ ಅಲ್ಲಿಂದಲೇ ಬಂದವು. ನಿದ್ದೆಗೆಡಿಸುವ ಚಿಂತೆಯೂ ಅದೇ ಮನೆತನದ್ದು.

ಹಾಗಾದರೆ ಚಿಂತನೆ ಚಿಂತೆಯಾಗುವುದು ಎಲ್ಲಿ? ಮಗಳ ಕಾಲೇಜು ಫೀಸಿಗೆ ದುಡ್ಡು ಎಲ್ಲಿಂದ ತರುವುದೆಂದು ಕೂತು ಲೆಕ್ಕ ಹಾಕುವುದು ಚಿಂತನೆ. ಸೊಸೈಟಿಯಲ್ಲಿ ಸಾಲ ಮಂಜೂರಾದ ಮೇಲೂ ನಡುರಾತ್ರಿ ಎದ್ದು ಅದೇ ಲೆಕ್ಕವನ್ನು ಮತ್ತೆ ಮತ್ತೆ ಕೂಡಿಸುತ್ತಿದ್ದರೆ ಅದು ಚಿಂತೆ. ಗಾಣದ ಎತ್ತಿನ ಹಾಗೆ ನಡಿಗೆಯೇನೋ ಇದೆ, ಊರು ಮಾತ್ರ ಬರುವುದಿಲ್ಲ.

ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ವಚನವೊಂದು ಇದರ ಸರಪಳಿಯನ್ನೇ ಬಿಚ್ಚಿಡುತ್ತದೆ. ಬಡವನಿಗೆ ಮೊದಲು ಊಟದ ಚಿಂತೆ. ಅದು ತೀರಿತೋ, ಬಟ್ಟೆಯದು ಶುರು. ಆಮೇಲೆ ಕೂಡಿಡುವುದರದ್ದು, ಹೆಂಡತಿ ಮಕ್ಕಳದ್ದು, ಕೊನೆಗೆ ಸಾವಿನದ್ದು. ಕೊರತೆ ನೀಗಿದಷ್ಟೂ ಚಿಂತೆ ಜಾಗ ಬದಲಿಸುತ್ತದೆ, ಅಷ್ಟೇ. ವಚನದ ಪೆಟ್ಟು ಇರುವುದು ಮುಕ್ತಾಯದಲ್ಲಿ: ಇಷ್ಟು ಬಗೆಯ ಚಿಂತೆಯವರು ಸಿಕ್ಕರೂ ಶಿವನ ಚಿಂತೆ ಹಚ್ಚಿಕೊಂಡವರು ಸಿಗಲಿಲ್ಲವೆಂದು ಚೌಡಯ್ಯ ದೂರುತ್ತಾನೆ. ಚಿಂತೆಯನ್ನೇ ಬಿಟ್ಟುಬಿಡಿ ಎಂಬ ಉಪದೇಶ ಅವನದಲ್ಲ. ಮನಸ್ಸು ಸುಮ್ಮನೆ ಕೂರುವ ಪ್ರಾಣಿಯಲ್ಲವೆಂದು ಬಲ್ಲವನಂತೆ, ಅದೇ ಪದವನ್ನು ಬೇರೆ ಕಡೆ ತಿರುಗಿಸುತ್ತಾನೆ. ಒಪ್ಪತಕ್ಕ ಮಾತೇ, ಆದರೆ ಹಸಿದವನ ಎದುರು ಇದನ್ನು ಹೇಳಲು ನನಗಂತೂ ನಾಲಿಗೆ ಏಳದು.

ಭಗವದ್ಗೀತೆಯ ನಡೆಯೂ ಇಂಥದ್ದೇ. ಹದಿನಾರನೇ ಅಧ್ಯಾಯದಲ್ಲಿ ಆಸುರೀ ಸ್ವಭಾವದವರಿಗೆ ಸಾಯುವತನಕ ಬಿಡದ, ಅಳತೆಗೆ ಸಿಗದ ಚಿಂತೆ. ಒಂಬತ್ತನೆಯದರಲ್ಲಿ, ತನ್ನನ್ನೇ ಚಿಂತಿಸುವವರ ಯೋಗಕ್ಷೇಮ ತನ್ನ ಹೊಣೆಯೆಂದು ಕೃಷ್ಣ ಭರವಸೆ ಕೊಡುತ್ತಾನೆ. ಶಂಕರಭಾಷ್ಯದಲ್ಲಿ ಯೋಗವೆಂದರೆ ಇಲ್ಲದ್ದನ್ನು ಪಡೆಯುವುದು, ಕ್ಷೇಮವೆಂದರೆ ಪಡೆದದ್ದನ್ನು ಕಾಪಾಡುವುದು. ಸಿಗುತ್ತದೋ ಇಲ್ಲವೋ, ಸಿಕ್ಕಿದ್ದು ಉಳಿಯುತ್ತದೋ ಇಲ್ಲವೋ: ಸಂಸಾರದ ಚಿಂತೆಗಳು ಬಹುಪಾಲು ಇವೆರಡರಲ್ಲೇ ಅಡಕ.

1956ರಲ್ಲಿ ಹುಟ್ಟಿದ ಭಾರತೀಯ ಜೀವ ವಿಮಾ ನಿಗಮದ ಲಾಂಛನದಲ್ಲಿ, ದೀಪಕ್ಕೆ ಮರೆಯಾಗಿ ಹಿಡಿದ ಕೈಗಳ ಜೊತೆಗಿರುವುದು ಯೋಗಕ್ಷೇಮದ ಭರವಸೆ ಕೊಡುವ ಇದೇ ಶ್ಲೋಕದ ಕೊನೆಯ ಪಾದ. ಚಿಂತಿಸುವವರ ಮಾತು ಬರುವುದು ಮೊದಲ ಪಾದದಲ್ಲಿ. ನಿಗಮ ಅದನ್ನು ಬಿಟ್ಟಿದೆ. ಆ ಜಾಗಕ್ಕೆ ಪ್ರೀಮಿಯಂ ಬಂದಿದೆ.