ಹಿಂಬದಿ

ಎಂಬ್ರಾಯ್ಡರಿ ಮಶೀನು ಮನೆಗೆ ಬಂದ ಮೇಲೆ ನಾನು ಕಲಿತ ಮೊದಲ ಪಾಠವೆಂದರೆ, ಹೂವು ಚಂದ ಬರುವುದು ಬರೀ ದಾರದಿಂದಲ್ಲ ಎಂಬುದು. ಬಟ್ಟೆಯ ಕೆಳಗೆ ಒಂದು ಆಧಾರ ಬೇಕು. ಅದಕ್ಕೆ ಸ್ಟೆಬಿಲೈಜರ್ ಎಂಬ ದೊಡ್ಡ ಹೆಸರಿದೆ. ಅಂಗಡಿಯಲ್ಲಿ ನಾವು ಕೇಳುವುದು 'ಪೇಪರ್' ಎಂದೇ. 'ಯಾವ ಪೇಪರ್?' ಎಂದು ಅವರು ತಿರುಗಿ ಕೇಳುತ್ತಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದೂ ನಾನು ತಪ್ಪು ಪೇಪರ್ ಹಾಕಿದ ಸಂಗತಿಯೊಂದಿದೆ. ಅದನ್ನು ಹೇಳಿಕೊಳ್ಳದೆ ನೆಮ್ಮದಿಯಿಲ್ಲ.

ಕೈಯಲ್ಲಿ ಹಾಕುವಾಗ ಬಟ್ಟೆ ಸುಕ್ಕಾದದ್ದು ಬೆರಳಿಗೆ ತಿಳಿಯುತ್ತದೆ, ದಾರವನ್ನು ಸಡಿಲ ಬಿಡುತ್ತೇವೆ. ಮಶೀನಿಗೆ ಆ ದಾಕ್ಷಿಣ್ಯವಿಲ್ಲ. ನಿಮಿಷಕ್ಕೆ 400, 500 ಸಲ ಸೂಜಿ ಇಳಿದು ಏಳುತ್ತದೆ. ಪ್ರತಿ ಹೊಲಿಗೆಯೂ ಬಟ್ಟೆಯನ್ನು ಕೂದಲೆಳೆಯಷ್ಟು ಒಳಕ್ಕೆ ಎಳೆಯುತ್ತದೆ. ಒಂದು ಎಳೆತ ಲೆಕ್ಕಕ್ಕಿಲ್ಲ. ಸಾವಿರಾರು ಎಳೆತಗಳು ಸೇರಿದಾಗ ಬಟ್ಟೆ ಮುದುರಿಕೊಳ್ಳುತ್ತದೆ. ಆ ಎಳೆತವನ್ನು ಬಟ್ಟೆಯ ಬದಲಿಗೆ ತಾನು ತಡೆದುಕೊಳ್ಳುವುದೇ ಕೆಳಗಿರುವ ಪೇಪರಿನ ಕೆಲಸ.

ಅದರಲ್ಲಿ ಮುಖ್ಯವಾಗಿ ಮೂರು ಬಗೆ. ಹೊಲಿದಾದ ಮೇಲೆ ಹರಿದು ತೆಗೆಯುವ ಟೇರ್-ಅವೇ ಒಂದು. ನೇಯ್ದ, ಗಟ್ಟಿಯಾದ ಕಾಟನ್ ಬಟ್ಟೆಗೆ, ದಿಂಬಿನ ಕವರಿಗೆ, ಕರವಸ್ತ್ರಕ್ಕೆ ಇದು ಸಾಕು. ಆ ಬಟ್ಟೆಗೆ ತನ್ನದೇ ಬಲವಿದೆ, ಹೊಲಿಯುವ ಹೊತ್ತಿಗೆ ಮಾತ್ರ ಆಸರೆ ಬೇಕು. ಇನ್ನೊಂದು ನೀರಿನಲ್ಲಿ ಕರಗುವಂಥದು. ನೆಟ್ ಬಟ್ಟೆಯ ಕೆಳಗೆ ಇದನ್ನಿಡುತ್ತೇವೆ. ಟರ್ಕಿ ಟವೆಲಿನ ಮೇಲಾದರೆ ತೆಳ್ಳನೆಯ ಹಾಳೆಯಾಗಿ ಹಾಸುತ್ತೇವೆ, ಇಲ್ಲವಾದರೆ ದಾರವೆಲ್ಲ ಟವೆಲಿನ ನೂಲಿನೊಳಗೆ ಹೂತುಹೋಗುತ್ತದೆ. ಮೂರನೆಯದು ಕಟ್-ಅವೇ. ಇದನ್ನು ಹರಿಯಲು ಬರುವುದಿಲ್ಲ. ಚಿತ್ರದ ಸುತ್ತ ಕಾಲು ಇಂಚು ಬಿಟ್ಟು ಕತ್ತರಿಸಬೇಕು. ಉಳಿದದ್ದು ಬಟ್ಟೆ ಇರುವಷ್ಟು ದಿನವೂ ಹಿಂಬದಿಯಲ್ಲೇ ಇರುತ್ತದೆ. ಎಳೆದರೆ ಹಿಗ್ಗುವ ಬನಿಯನ್ ಬಟ್ಟೆಗೆ, ಟೀ ಶರ್ಟಿಗೆ ಇದೇ ಬೇಕು. ಕುಣಿಕೆ ಕುಣಿಕೆಯಾಗಿ ಹೆಣೆದ ಆ ಬಟ್ಟೆ ಪ್ರತಿ ಒಗೆತಕ್ಕೂ ಹಿಗ್ಗಿ ಕುಗ್ಗುತ್ತಿರುತ್ತದೆ, ಅದರ ಜೊತೆ ದಾರ ಹಿಗ್ಗುವುದಿಲ್ಲ. ಮಗುವಿನ ಬಟ್ಟೆಯಾದರೆ ಮೈಗೆ ಚುಚ್ಚದ ಮೆತ್ತನೆಯ ಜಾಳಿಗೆಯಂಥದು ಸಿಗುತ್ತದೆ.

ಇಷ್ಟೆಲ್ಲ ನನಗೆ ಗೊತ್ತಿತ್ತು. ನಮ್ಮ ಬೀದಿಗೆ ಹೂ ತರುವಾಕೆ ಮೊಮ್ಮಗನ ಐದನೆಯ ಹುಟ್ಟುಹಬ್ಬಕ್ಕೆಂದು ಸಂತೆಯಲ್ಲಿ ಕೊಂಡ ಹಳದಿ ಟೀ ಶರ್ಟ್ ಹಿಡಿದುಕೊಂಡು ಬಂದಳು. ಎದೆಯ ಮೇಲೆ ಒಂದು ಆನೆಮರಿ ಬೇಕಂತೆ. ಹುಟ್ಟುಹಬ್ಬ ಮರುದಿನವೇ. ನನ್ನಲ್ಲಿ ಕಟ್-ಅವೇ ಮುಗಿದಿತ್ತು. ಪಾರ್ಸೆಲ್ ಬರಲು ಇನ್ನೂ ನಾಲ್ಕು ದಿನ. ಟೇರ್-ಅವೇ ಅರ್ಧ ಸುರುಳಿ ಉಳಿದಿತ್ತು. 'ಬೆಳೆಯೋ ಹುಡುಗ, ಆರು ತಿಂಗಳಿಗೆ ಶರ್ಟೇ ಚಿಕ್ಕದಾಗುತ್ತೆ' ಎಂದು ನನಗೆ ನಾನೇ ಹೇಳಿಕೊಂಡು ಅದನ್ನೇ ಎರಡು ಪದರ ಹಾಕಿ ಹೊಲಿದೆ. ಆನೆಮರಿ ಮುದ್ದಾಗಿಯೇ ಬಂತು. ಹಿಂದಿನ ಪೇಪರ್ ಕಿತ್ತು, ಇಸ್ತ್ರಿ ಮಾಡಿ ಕೊಟ್ಟೆ. ಅವಳು ಸೆರಗಿನ ಗಂಟು ಬಿಚ್ಚಿ 200 ರೂಪಾಯಿ ಎಣಿಸಿಕೊಟ್ಟಳು.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಅದೇ ವಾರ ಡಾಕ್ಟರ ಹೆಂಡತಿಯೂ ಇಂಥದೇ ಬಟ್ಟೆ ತಂದಿದ್ದರು. ಅವರಿಗೆ ನಾನು, 'ಪೇಪರ್ ಖಾಲಿಯಾಗಿದೆ, ಮುಂದಿನ ವಾರ ಬನ್ನಿ' ಅಂದಿದ್ದೆ.

ಮೂರು ವಾರದ ನಂತರ ಹೂವಿನಾಕೆ ಆ ಶರ್ಟನ್ನು ಬುಟ್ಟಿಯ ಅಡಿಯಿಂದ ತೆಗೆದು ತೋರಿಸಿದಳು. ಆನೆಮರಿ ಬಾಡಿದ ಬದನೆಕಾಯಿಯ ಹಾಗೆ ಮುದುರಿಕೊಂಡಿತ್ತು, ಸೊಂಡಿಲು ಎತ್ತಲೋ ತಿರುಗಿತ್ತು. ಅವಳೇನೂ ಜಗಳಕ್ಕೆ ಬಂದಿರಲಿಲ್ಲ. "ಅಕ್ಕಾರೇ, ನಾನೇ ಜಾಸ್ತಿ ತಿಕ್ಕಿಬಿಟ್ನೇನೋ. ಇಸ್ತ್ರಿ ಮಾಡಿದ್ರೆ ಸರಿಹೋಗುತ್ತಾ ನೋಡ್ರಿ," ಅಂದಳು.

ಆಗ ನಾನು ಕೇಳಿದ್ದು ಒಂದೇ ಮಾತು: "ಬಿಸಿನೀರಿಗೆ ಹಾಕಿದ್ಯಾ?"

"ಹೂಂ ಅಕ್ಕಾರೇ, ಕೊಳೆ ಆಗಿತ್ತು," ಎಂದು ತಲೆ ತಗ್ಗಿಸಿದಳು. ಶರ್ಟನ್ನು ಮಡಿಸಿ ಬುಟ್ಟಿಗೆ ಹಾಕಿಕೊಂಡು ಹೋದಳು.

ನಾನು ಸುಳ್ಳು ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದೆ ಅಷ್ಟೆ. ಆದರೆ ಆ ಪ್ರಶ್ನೆ ನನ್ನ ತಪ್ಪನ್ನು ಎತ್ತಿ ಅವಳ ಬುಟ್ಟಿಯಲ್ಲಿಟ್ಟಿತು. ಸುಳ್ಳು ಹೇಳುವುದಕ್ಕೆ ಸುಳ್ಳು ಮಾತೇ ಬೇಕೆಂದಿಲ್ಲ ಎಂದು ಆ ರಾತ್ರಿ ನನಗೆ ಅರ್ಥವಾಯಿತು.

ಮನಸ್ಸು ವಕೀಲಿಕೆ ಮಾಡದೆ ಬಿಡುತ್ತದೆಯೇ? ಇಂಥದೇ ಪೇಪರ್ ಹಾಕು ಎಂದು ಅವಳೇನು ಕೇಳಿರಲಿಲ್ಲ, ಹಾಕುತ್ತೇನೆಂದು ನಾನು ಮಾತು ಕೊಟ್ಟಿರಲಿಲ್ಲ, ಮರುದಿನವೇ ಬೇಕೆಂದು ಅವಸರ ಮಾಡಿದ್ದೂ ಅವಳೇ. ಎಲ್ಲವೂ ನಿಜ. ಆದರೆ ಕೇಳಬೇಕಾದದ್ದೊಂದು ಇದೆ ಎಂಬುದೇ ಗೊತ್ತಿಲ್ಲದವಳು ಹೇಗೆ ಕೇಳಿಯಾಳು? ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ನನ್ನ ಋಣ ಹುಟ್ಟಿದ್ದೇ ಅಲ್ಲಿ. 'ಈ ಪೇಪರ್ ಹಾಕಿದರೆ ನಾಲ್ಕು ಒಗೆತಕ್ಕೆ ಮುದುರುತ್ತದೆ, ಆಗಬಹುದಾ?' ಎಂದು ಕೇಳಿದ್ದರೆ ಸಾಕಿತ್ತು. ಅವಳು ಆಗಲಿ ಅಂದಿದ್ದರೆ ಅದು ಅವಳ ಆಯ್ಕೆಯಾಗುತ್ತಿತ್ತು. ಆ ಆಯ್ಕೆಯನ್ನು ಡಾಕ್ಟರ ಹೆಂಡತಿಗೆ ಕೊಟ್ಟೆ, ಇವಳಿಗೆ ಕೊಡಲಿಲ್ಲ.

ಧಾರವಾಡದ ಕಡೆ ಕಸೂತಿ ಕಲಿತವರಿಗೆ ಇಂಥ ಪರೀಕ್ಷೆ ಬರುವುದು ಕಡಿಮೆ. ಅಲ್ಲಿ ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಒಮ್ಮೆ ಎಣಿಸಿಕೊಂಡು ಹೋಗುತ್ತದೆ, ಬಿಟ್ಟ ಜಾಗವನ್ನು ತುಂಬಿಕೊಂಡು ಅದೇ ದಾರಿಯಲ್ಲಿ ಮರಳಿ ಬರುತ್ತದೆ. ಮುಂಬದಿಯೂ ಹಿಂಬದಿಯೂ ಒಂದೇ. ನನ್ನ ಸೋದರತ್ತೆ ಯಾರ ಕಸೂತಿ ನೋಡಿದರೂ ಮೊದಲು, "ಹಿಂದ ತೋರಸ ನೋಡೋಣು," ಅನ್ನುತ್ತಿದ್ದರು. ಅಲ್ಲಿ ಪ್ರಾಮಾಣಿಕತೆ ಹೊಲಿಗೆಯಲ್ಲೇ ಇದೆ, ಯಾರು ಬೇಕಾದರೂ ತಿರುಗಿಸಿ ನೋಡಬಹುದು. ಮಶೀನಿನ ಕೆಲಸದಲ್ಲಿ ಹಿಂಬದಿಯನ್ನು ಯಾರೂ ನೋಡುವುದಿಲ್ಲ, ನೋಡಿದರೂ ತಿಳಿಯುವುದಿಲ್ಲ. ಅಲ್ಲಿನ ಪ್ರಾಮಾಣಿಕತೆಯನ್ನು ಹೊಲಿಯುವವಳೇ ತರಬೇಕು.

ಕಾಣದೆ ಆಸರೆಯಾಗಿರುವ ಈ ಪೇಪರನ್ನು ತಾಯಿಗೋ ಗೃಹಿಣಿಗೋ ಹೋಲಿಸಿ ನಾಲ್ಕು ಒಳ್ಳೆಯ ಮಾತು ಬರೆಯಬಹುದಿತ್ತು. ನಮ್ಮನ್ನು ನಾವೇ ಹೊಗಳಿಕೊಳ್ಳುವುದು ಸುಲಭ. ನಾವೂ ಬೇರೆಯವರ ಬಟ್ಟೆಯ ಹಿಂಬದಿಗೆ ಹೊಣೆಗಾರರು ಎಂದು ಒಪ್ಪಿಕೊಳ್ಳುವುದು ಕಷ್ಟ.

ಒಂಬತ್ತು ದಿನ ಸುಮ್ಮನಿದ್ದೆ. ದಿನವೂ ಅವಳು ಬರುವಳು, ಮೊಳಕ್ಕೆ ನಾಲ್ಕು ಬೆರಳು ಜಾಸ್ತಿಯೇ ಹೂ ಅಳೆದು ಕೊಡುವಳು. ಹತ್ತನೆಯ ದಿನ ಹೇಳಿಬಿಟ್ಟೆ: "ನೋಡು, ಶರ್ಟ್ ಕೆಟ್ಟಿದ್ದು ನೀನು ಒಗೆದಿದ್ದಕ್ಕಲ್ಲ. ನಾನು ಹಿಂದೆ ಹಾಕಿದ ಪೇಪರ್ ಸರಿಯಿರಲಿಲ್ಲ. ಗೊತ್ತಿದ್ದೇ ಹಾಕಿದೆ."

ಬೈಯುತ್ತಾಳೆಂದುಕೊಂಡಿದ್ದೆ. ದುಡ್ಡು ವಾಪಸ್ ಕೇಳಿದರೆ ಕೊಡಲು ಕೈಯಲ್ಲೇ ಹಿಡಿದಿದ್ದೆ. ಅವಳು ಕೇಳಿದ್ದು ಬೇರೆಯೇ: "ಹಂಗಾದ್ರೆ ನಾನು ಒಗೆದಿದ್ದು ಸರಿ ಇತ್ತಾ ಅಕ್ಕಾರೇ?"

ಸರಿಯಿತ್ತು ಅಂದೆ. "ಹಂಗಾದ್ರೆ ನಮ್ಮ ಸೊಸೆಗೆ ನೀವೇ ಒಂದ್ಮಾತು ಹೇಳ್ರಿ. ಅವತ್ತಿಂದ ಮಗೂ ಬಟ್ಟೆ ನನ್ ಕೈಗೆ ಕೊಡ್ತಾ ಇಲ್ಲ."

ಇಷ್ಟು ದೂರ ಹೋಗಿತ್ತು ಎಂದು ನನಗೆ ಹೇಗೆ ತಿಳಿಯಬೇಕು? ನಾನು ಉಳಿಸಿದ್ದು ನಾಲ್ಕು ದಿನದ ಕಾಯುವಿಕೆ. ಅದಕ್ಕಾಗಿ ಒಂದು ಮನೆಯಲ್ಲಿ ಅಜ್ಜಿಯ ಕೈಗೆ ಮೊಮ್ಮಗನ ಬಟ್ಟೆ ಸಿಗದ ಹಾಗಾಗಿತ್ತು.

ಹೊಸ ಶರ್ಟ್ ತಂದು, ಸರಿಯಾದ ಪೇಪರ್ ಹಾಕಿ, ಆನೆಮರಿ ಹೊಲಿದುಕೊಂಡು ಅವರ ಮನೆಗೆ ಹೋದೆ. ಸೊಸೆಯ ಮುಂದೆ ನಿಂತು ಹೇಳುವುದು ಅತ್ತೆಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಆ ಹುಡುಗಿ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಶರ್ಟನ್ನು ತಿರುಗಿಸಿ ಹಿಂದಿನ ತುಂಡನ್ನು ಬೆರಳಲ್ಲಿ ಮುಟ್ಟಿ ನೋಡಿ, "ಇದನ್ನ ಕೀಳಬಾರದಾ?" ಎಂದು ಕೇಳಿದಳು.

"ಕೀಳಬಾರದಮ್ಮ," ಅಂದೆ.

ಈಗ ಯಾರಿಗೆ ಬಟ್ಟೆ ಕೊಡುವಾಗಲೂ ಮೊದಲು ತಿರುಗಿಸಿ ಹಿಂಬದಿ ತೋರಿಸುತ್ತೇನೆ. ಏನು ಹಾಕಿದ್ದೇನೆ, ಏಕೆ ಹಾಕಿದ್ದೇನೆ ಎಂದು ಹೇಳುತ್ತೇನೆ. ಬಹಳ ಜನರಿಗೆ ಅದು ಬೇಕಾಗಿಲ್ಲ. 'ಅದೆಲ್ಲ ನಮಗ್ಯಾಕೆ, ಮುಂದೆ ಚೆನ್ನಾಗಿದೆಯಲ್ಲ' ಅನ್ನುತ್ತಾರೆ. ಆದರೂ ತೋರಿಸುತ್ತೇನೆ.