ಹಿಂದಿರುಗಿದ ಅಕ್ಕಿ



ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ, ಹೆಚ್ಚಾದದ್ದನ್ನು ಹಿಂದಕ್ಕೆ ಕಳಿಸಿದರು. ಆ ಅಕ್ಕಿ ಕದ್ದದ್ದಲ್ಲ, ಯಾರನ್ನೂ ಪೀಡಿಸಿ ಪಡೆದದ್ದೂ ಅಲ್ಲ. ಕಾಯಕಕ್ಕೆ ಸಲ್ಲುವ ಅಳತೆ ಮೀರಿತ್ತು, ಅಷ್ಟೇ ತಪ್ಪು. ಇಂದು ಲಂಚದ ಮಾತು ಬಂದ ಕೂಡಲೇ ನಾವು ನೋಡುವುದು ಕಾನೂನಿನ ಕಡೆಗೆ, ಲೋಕಾಯುಕ್ತದ ಕಡೆಗೆ. ಅವು ಬೇಕು. ಆದರೆ ಹೊರಗೆ ಪಡೆದ ಲಂಚಕ್ಕೆ ಮನೆಯೊಳಗೆ ಮರ್ಯಾದೆ ಸಿಗುವವರೆಗೆ ಯಾವ ಕಾನೂನೂ ಅದನ್ನು ನಿಲ್ಲಿಸಲಾರದು ಎಂಬುದು ನಾನು ಇಂದು ತಮ್ಮ ಮುಂದಿಡುವ ಮಾತು.

ಕಾನೂನುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1984ರಲ್ಲಿ ಲೋಕಾಯುಕ್ತ ಕಾಯ್ದೆ ಬಂತು, 1988ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆ. 2011ರ ಸಕಾಲ ಕಾಯ್ದೆಯಂತೆ ಅರ್ಜಿಗೆ ಗಡುವುಂಟು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರರಿಗೆ ಪರಿಹಾರ ಸಲ್ಲಬೇಕು. ಅದನ್ನು ತಪ್ಪಿತಸ್ಥ ನೌಕರರಿಂದಲೇ ವಸೂಲು ಮಾಡಬೇಕು. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸಿದ ‘ಭೂಮಿ’ ಯೋಜನೆ ಬಂದ ಮೇಲೆ ಪಹಣಿಯ ನಕಲಿಗಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುವುದು ತಪ್ಪಿತು. ಇದು ಸಣ್ಣ ಉಪಕಾರವಲ್ಲ. ಆದರೆ ಪೋಡಿಗೆ, ಖಾತೆ ಬದಲಾವಣೆಗೆ, ಅಳತೆಗೆ ಒಬ್ಬರ ವರದಿ ಬೇಕು, ಇನ್ನೊಬ್ಬರ ಸಹಿ ಬೇಕು. ಮಾಮೂಲು ಅಲ್ಲಿ ಹೋಗಿ ಕೂತಿದೆ. ಗಡುವಿನೊಳಗೇ ಏನೋ ಒಂದು ಆಕ್ಷೇಪ ಬರೆದು ಅರ್ಜಿಯನ್ನು ತಿರಸ್ಕರಿಸಿಬಿಟ್ಟರೆ ಲೆಕ್ಕದಲ್ಲಿ ತಡವೇ ಆಗಿಲ್ಲ. ಕಂಪ್ಯೂಟರು ನಕಲು ಕೊಡಬಲ್ಲದು. ಮನುಷ್ಯನ ವಿವೇಚನೆ ಬೇಕಾದ ಕಡೆ ಅವನ ಅಂತಃಕರಣವೂ ಬೇಕಾಗುತ್ತದೆ.

ಸಂಬಳ ಸಾಲದು, ಅದಕ್ಕೇ ಕೈಚಾಚುತ್ತಾರೆ ಎನ್ನುವವರಿದ್ದಾರೆ. ಹೊರಗುತ್ತಿಗೆಯಲ್ಲಿ ದುಡಿಯುವವರ ಸಂಕಟ ನಿಜವಾದದ್ದು, ಅದನ್ನು ಸರ್ಕಾರ ಕೇಳಲೇಬೇಕು. ಆದರೆ ಕಾಯಂ ನೌಕರರಿಗೆ ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲ ವೇತನವೇ 27,000 ರೂಪಾಯಿ. ಬಡತನವೇ ಕಾರಣವಾಗಿದ್ದರೆ ಒಂದೊಂದು ವೇತನ ಆಯೋಗ ಬಂದಾಗಲೂ ಲಂಚ ಇಳಿಯಬೇಕಿತ್ತು, ಮೇಲಿನ ಹುದ್ದೆಗಳಲ್ಲಿ ಅದರ ಸುಳಿವೇ ಇರಬಾರದಿತ್ತು. ಲೋಕಾಯುಕ್ತರ ದಾಳಿಗಳಲ್ಲಿ ಬಂಗಾರ, ನಿವೇಶನ, ತೋಟದ ಪತ್ರಗಳು ಸಿಕ್ಕಿದ್ದು ಹಸಿದವರ ಮನೆಗಳಲ್ಲಲ್ಲ. ಲಂಚದ ಮೊತ್ತವನ್ನು ನಿರ್ಧರಿಸುವುದು ಪಡೆಯುವವರ ಕಷ್ಟವಲ್ಲ, ಎದುರು ನಿಂತವರ ಅವಸರ. ವರ್ಗಾವಣೆಗೆ ನಾವೂ ಕೊಟ್ಟು ಬಂದಿದ್ದೇವೆ ಎಂದು ಕೆಲವರು ಹೇಳುತ್ತಾರೆ. ಹಾಗಿದ್ದರೆ ತಮಗಾದ ಅನ್ಯಾಯವನ್ನು ಮೇಲಿನವರ ಮುಂದೆ ಹೇಳಲು ಹೆದರಿ, ಏನೂ ಅರಿಯದ ರೈತನಿಂದ ವಸೂಲು ಮಾಡಿದಂತಾಯಿತು.

ಕೊಡುವವರ ವಿಷಯದಲ್ಲಿ ಅವಸರದ ತೀರ್ಪು ಸಲ್ಲದು. 2018ರ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದಕ್ಕೂ 7 ವರ್ಷದವರೆಗೆ ಶಿಕ್ಷೆಯಿದೆ. ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಅವರು ಅಪರಾಧಿಗಳಲ್ಲ. ಕಾನೂನೇ ಮಾಡಿರುವ ಈ ಭೇದವನ್ನು ಧರ್ಮವೂ ಮಾಡಬೇಕು. ವಿಧವಾ ವೇತನಕ್ಕಾಗಿ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತ ತಾಯಿಯನ್ನೂ, ಕೆರೆಯಂಗಳವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೋದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆಕೆಯಿಂದ ಕಿತ್ತುಕೊಂಡರು, ಅವನು ಕೊಟ್ಟು ಊರಿನದನ್ನು ಕೊಂಡ. ‘ಕೊಡದಿದ್ದರೆ ಕೆಲಸ ಆಗೋದಿಲ್ಲ’ ಎಂಬ ಒಂದೇ ಮಾತಿನ ಮರೆಯಲ್ಲಿ ಇಬ್ಬರೂ ನಿಂತಿದ್ದಾರೆ, ಆ ಮರೆಯಿಂದ ಲಾಭ ಎರಡನೆಯವನಿಗೆ ಮಾತ್ರ.

ಈಗ ಮನೆಯ ಮಾತಿಗೆ ಬರೋಣ. ಸಂಬಂಧ ಕುದುರಿಸುವಾಗ ಹುಡುಗನ ಸಂಬಳದ ಜೊತೆಗೆ ಗಿಂಬಳವನ್ನೂ ವಿಚಾರಿಸುವವರು ಯಾರು? ಹೊರಗಿನವರಲ್ಲ. ಮಗ ಕಂದಾಯ ಇಲಾಖೆಗೆ ಸೇರಿದ ಮೂರೇ ವರ್ಷದಲ್ಲಿ ಮಹಡಿ ಮನೆ ಎದ್ದರೆ ಎಲ್ಲಿಂದ ಬಂತಪ್ಪ ಎಂದು ಕೇಳುವ ತಂದೆ ಎಷ್ಟು ಮಂದಿ? ಕೇಳಿದ್ದರೆ ಆ ಮಗ ಇನ್ನೊಮ್ಮೆ ಯೋಚಿಸುತ್ತಿದ್ದ. ಹಿಡಿಯುವವರು ಬಂದಾರೆಂಬ ಭಯ ಎಂದೋ ಒಮ್ಮೆ ಕಾಡುತ್ತದೆ, ಮನೆಯವರ ಪ್ರಶ್ನೆಗೆ ದಿನಾ ಸಂಜೆ ಉತ್ತರ ಕೊಡಬೇಕು. ಲಕ್ಕಮ್ಮನವರಂತೆ ಮನೆಯಲ್ಲೇ ಪ್ರಶ್ನಿಸಿ ಎಂದರೆ ಹೆಣ್ಣುಮಕ್ಕಳ ಮೇಲೆ ಇನ್ನೊಂದು ಹೊರೆ ಹೊರಿಸಿದಂತಾಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕೇಳುವ ಹೊಣೆ ಪತ್ನಿಯೊಬ್ಬಳದಲ್ಲ. ತಂದೆಯದು, ಅಣ್ಣನದು, ಬೆಳೆದ ಮಕ್ಕಳದು, ಬೀಗರದು.

ಮಠ ಮಂದಿರಗಳದು ಕೂಡ. ಹೇಗೋ ಬಂದ ಹಣ ದಾಸೋಹಕ್ಕಾದರೂ ಸಲ್ಲಲಿ ಎನ್ನುವವರು ನಮ್ಮ ಬಳಿಗೂ ಬರುತ್ತಾರೆ. ಶರಣರು ದಾಸೋಹ ಎಂದದ್ದು ತನ್ನ ಕಾಯಕದ ಫಲವನ್ನು ಹಂಚಿಕೊಳ್ಳುವುದಕ್ಕೆ. ವಿಧವಾ ವೇತನದ ಅರ್ಜಿಯಲ್ಲಿ ಕಿತ್ತ ಹಣದಿಂದ ಸಾವಿರ ಜನಕ್ಕೆ ಊಟ ಹಾಕಿದರೂ ಆ ತಾಯಿಗೆ ಆದ ನಷ್ಟ ತುಂಬುವುದಿಲ್ಲ. ಅಂಥ ಕಾಣಿಕೆಗೆ ಶಾಲು ಹೊದಿಸಿ ವೇದಿಕೆಯಲ್ಲಿ ಹೆಸರು ಕೂಗಿದರೆ, ಕೆಳಗೆ ಕೂತ ಪ್ರಾಮಾಣಿಕ ಗುಮಾಸ್ತನಿಗೆ ನಾವು ಹೇಳಿಕೊಡುವುದೇನು? ದಾನಿಗಳ ಪಟ್ಟಿ ಓದುವ ಮೊದಲು ಆ ಹಣ ಬಂದ ದಾರಿಯನ್ನು ಕೇಳುವುದು, ಉತ್ತರ ಸರಿಯಿಲ್ಲದಿದ್ದರೆ ಹಿಂದಕ್ಕೆ ಕಳಿಸುವುದು ಈ ಪೀಠಗಳಲ್ಲಿ ಕೂತ ನಮ್ಮಿಂದಲೇ ಮೊದಲಾಗಬೇಕು.